ನೋವಿಗೆ ನುಡಿ: ಹದಿಹರೆಯದ ಬಾಲಿಕೆಯರ ಖಿನ್ನತೆಯೂ ಸಮೂಹ ಆಪ್ತಸಮಾಲೋಚನೆಯೂ

ಶಾಲೆಯ ಹಾಜರಿ ಪುಸ್ತಕವು ಮಕ್ಕಳು ತರಗತಿಗೆ ಬಂದರೇ ಇಲ್ಲವೇ ಎಂಬುದನ್ನು ತಿಳಿಸುತ್ತದೆ; ಅಂಕಪಟ್ಟಿಯು ಅವರು ಕಲಿತುದೆಷ್ಟು ಎಂಬುದನ್ನು ತಿಳಿಸುತ್ತದೆ. ಬಂದು ಕುಳಿತ ಮಗುವಿನ ಮನಸ್ಸು ಎಂತಿದೆ ಎಂಬುದನ್ನು ತಿಳಿಸುವ ಪುಸ್ತಕ ಮಾತ್ರ ಯಾವ ಶಾಲೆಯ ಕಪಾಟಿನಲ್ಲಿಯೂ ಇಲ್ಲ. ಎಂಟನೆಯ ತರಗತಿಯವರೆಗೆ ಮುಂದಿನ ಸಾಲಿನಲ್ಲಿ ಕುಳಿತು ಪದ್ಯವನ್ನು ರಾಗವಾಗಿ ಓದುತ್ತಿದ್ದ ಬಾಲಿಕೆಯೊಬ್ಬಳು ಒಂಬತ್ತನೆಯ ತರಗತಿಗೆ ಬರುತ್ತಲೇ ಹಿಂದಿನ ಸಾಲಿಗೆ ಸರಿಯುತ್ತಾಳೆ. ಓದು ಹಿಂದೆ ಬೀಳುತ್ತದೆ. ಗೆಳತಿಯರ ಗುಂಪು ಬಿಟ್ಟುಹೋಗುತ್ತದೆ. ಊಟದ ಬುತ್ತಿ ಅರ್ಧಕ್ಕೇ ಮುಚ್ಚಿಕೊಳ್ಳುತ್ತದೆ. ಅಧ್ಯಾಪಕರು ಕರೆದು ಕೇಳಿದರೆ, "ಏನಿಲ್ರೀ ಗುರುಗಳೇ, ಅರಾಮ ಇದ್ದೇನ್ರೀ" ಎಂಬ ಉತ್ತರ ಬರುತ್ತದೆ. ಅಲ್ಲಿಗೆ ವಿಚಾರಣೆ ಮುಗಿಯುತ್ತದೆ. ಮನೆಯವರು ಅದನ್ನು ಹಟವೆನ್ನುತ್ತಾರೆ, ನೆರೆಯವರು ವಯಸ್ಸಿನ ಗುಣವೆನ್ನುತ್ತಾರೆ, ಶಾಲೆಯವರು ಸೋಮಾರಿತನವೆನ್ನುತ್ತಾರೆ. ಈ ಮೂರು ಮಾತುಗಳೂ ಕೆಲವೊಮ್ಮೆ ನಿಜವಾಗಿರಬಹುದು. ಆದರೆ ಕೆಲವು ಮಕ್ಕಳ ಪಾಲಿಗೆ ಅದು ಹಟವೂ ಅಲ್ಲ, ಸೋಮಾರಿತನವೂ ಅಲ್ಲ, ಅದೊಂದು ಕಾಯಿಲೆ. ಅದಕ್ಕೆ ಹೆಸರೂ ಉಂಟು, ಚಿಕಿತ್ಸೆಯೂ ಉಂಟು.

ಆ ಕಾಯಿಲೆಗೆ ಖಿನ್ನತೆ ಎಂದು ಹೆಸರು. ಅದರ ಚಿಕಿತ್ಸಾಕ್ರಮಗಳಲ್ಲಿ ಸಮೂಹ ಆಪ್ತಸಮಾಲೋಚನೆಯೂ ಒಂದು. ಅದರ ಸ್ವರೂಪವೇನು, ಅದರಿಂದ ಏನು ಸಾಧ್ಯ, ಏನು ಅಸಾಧ್ಯ, ಅದರಲ್ಲಿ ಶಾಲೆಯ ಪಾತ್ರವೇನು ಎಂಬುದನ್ನು ಅಧ್ಯಾಪಕರ ಹಾಗೂ ಶಾಲೆಯ ಹಿತೈಷಿಗಳ ಅವಗಾಹನೆಗೆ ತರುವುದು ಪ್ರಕೃತ ಲೇಖನದ ಉದ್ದೇಶ.

ಶಬ್ದಾರ್ಥ ವಿಚಾರ

ಖೇದ, ಖಿನ್ನ ಎಂಬ ಎರಡು ಶಬ್ದಗಳೂ 'ಖಿದ್' ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ದುಃಖಪಡು, ಬಳಲು ಎಂಬುದು ಆ ಧಾತುವಿನ ಅರ್ಥ. ದುಃಖವೂ ಬಳಲಿಕೆಯೂ ಒಂದೇ ಶಬ್ದದಲ್ಲಿ ಸೇರಿರುವುದು ಗಮನಾರ್ಹ. ಖಿನ್ನತೆಗೆ ಒಳಗಾದವರಲ್ಲಿ ಮನಸ್ಸಿನ ದುಃಖದ ಜೊತೆಗೆ ಮೈಯ ಬಳಲಿಕೆಯೂ ಇರುತ್ತದೆ. ಅಚ್ಚಗನ್ನಡದಲ್ಲಿಯೂ ಈ ಬಗೆಯ ಮಾತುಗಳಿಗೆ ಬಡತನವಿಲ್ಲ. ಅಳಲು, ದುಗುಡ, ಬೇಸರ, ಕೊರಗು, ಮಂಕು ಇವೆಲ್ಲ ಒಂದೇ ಭಾವದ ಬೇರೆ ಬೇರೆ ಛಾಯೆಗಳು. ಅಳಲು ಹೊರಗೆ ಕಾಣುವಂಥದು. ಕೊರಗು ಒಳಗೇ ತಿನ್ನುವಂಥದು. ಮಂಕು ಕವಿಯುತ್ತದೆ ಎನ್ನುತ್ತೇವೆಯೇ ಹೊರತು ಮಂಕನ್ನು ಯಾರೂ ಬೇಕೆಂದು ತಂದುಕೊಳ್ಳುವುದಿಲ್ಲ. ಖಿನ್ನತೆ ವ್ಯಕ್ತಿಯ ಇಚ್ಛೆಯಿಂದ ಬರುವುದಲ್ಲ, ಅವನನ್ನು ಮುತ್ತಿಕೊಳ್ಳುವುದು ಎಂಬ ತಿಳಿವು ಈ ಆಡುಮಾತಿನಲ್ಲಿಯೇ ಅಡಗಿದೆ.

ಕಾವ್ಯಮೀಮಾಂಸೆಯ ಪರಿಭಾಷೆಯನ್ನು ಇಲ್ಲಿ ದೃಷ್ಟಾಂತವಾಗಿ ಬಳಸಿಕೊಳ್ಳಬಹುದು. ಭರತನ ನಾಟ್ಯಶಾಸ್ತ್ರವು ೩೩ ವ್ಯಭಿಚಾರಿಭಾವಗಳನ್ನು ಎಣಿಸುತ್ತದೆ. ನಿರ್ವೇದ, ಗ್ಲಾನಿ, ದೈನ್ಯ, ಚಿಂತೆ, ಜಡತೆ, ವಿಷಾದ ಇವು ಆ ಪಟ್ಟಿಯಲ್ಲಿವೆ. ಇವುಗಳಿಗೆ ಸಂಚಾರಿಭಾವಗಳೆಂದೂ ಹೆಸರು. ಬಂದು ಹೋಗುವುದೇ ಇವುಗಳ ಲಕ್ಷಣ. ಪರೀಕ್ಷೆಯಲ್ಲಿ ಅಂಕ ಕಡಿಮೆಯಾದಾಗ, ಗೆಳತಿಯೊಡನೆ ಮುನಿಸು ಬಂದಾಗ ವಿಷಾದ ತೋರಿ ಮರೆಯಾದರೆ ಅದು ಸಹಜವಾದ ಬಾಳು. ಹಾದುಹೋಗಬೇಕಾದ ಭಾವ ಮನೆಮಾಡಿಕೊಂಡು ನಿಂತಾಗ ಮಾತ್ರ ಕಾಯಿಲೆಯ ಶಂಕೆ ಬರಬೇಕು. ಅದೇ ಪಟ್ಟಿಯಲ್ಲಿ 'ಅವಹಿತ್ಥ' ಎಂಬ ಇನ್ನೊಂದು ಭಾವವಿದೆ. ಒಳಗಿನ ಭಾವವನ್ನು ಹೊರಗೆ ತೋರದಂತೆ ಮರೆಮಾಚುವುದೇ ಅವಹಿತ್ಥ. "ಅರಾಮ ಇದ್ದೇನ್ರೀ" ಎಂಬ ಬಾಲಿಕೆಯ ಉತ್ತರಕ್ಕೆ ಇದಕ್ಕಿಂತ ತಕ್ಕ ಹೆಸರಿಲ್ಲ. ಕಾಯಿಲೆ ಒಂದು ಕಷ್ಟವಾದರೆ, ಅದನ್ನು ಬಚ್ಚಿಡುವುದು ಅದರ ಮೇಲಿನ ಇನ್ನೊಂದು ಕಷ್ಟ.

ಕಾಯಿಲೆಯ ಲಕ್ಷಣಗಳು

ವೈದ್ಯಶಾಸ್ತ್ರವು ಖಿನ್ನತೆಯನ್ನು ಗುರುತಿಸಲು ಕೆಲವು ಚಿಹ್ನೆಗಳನ್ನು ಹೇಳುತ್ತದೆ. ದಿನದ ಬಹುಭಾಗ ಮನಸ್ಸು ಕುಗ್ಗಿರುವುದು, ಮೊದಲು ಪ್ರಿಯವಾಗಿದ್ದ ಆಟ, ಹಾಡು, ಒಡನಾಟಗಳಲ್ಲಿ ಆಸಕ್ತಿ ಅಳಿಯುವುದು, ನಿದ್ರೆ ಮತ್ತು ಹಸಿವು ಕೆಡುವುದು ಅಥವಾ ಮಿತಿಮೀರುವುದು, ಕಾರಣವಿಲ್ಲದ ಆಯಾಸ, ಓದಿನಲ್ಲಿ ಚಿತ್ತ ನಿಲ್ಲದಿರುವುದು, ತಾನು ಯಾವ ಕೆಲಸಕ್ಕೂ ಬಾರದವಳೆಂಬ ಭಾವನೆ, ತನ್ನದಲ್ಲದ ತಪ್ಪಿಗೂ ತನ್ನನ್ನೇ ಹಳಿದುಕೊಳ್ಳುವುದು, ಸಾವಿನ ಯೋಚನೆ. ಇವುಗಳಲ್ಲಿ ಹಲವು ಒಟ್ಟಿಗೆ ಕಾಣಿಸಿಕೊಂಡು ಎರಡು ವಾರಗಳಿಗೂ ಮಿಕ್ಕಿ ಉಳಿದು ನಿತ್ಯದ ಬದುಕಿಗೆ ಅಡ್ಡಿಯಾದರೆ ತಜ್ಞರಿಗೆ ತೋರಿಸುವುದು ಅವಶ್ಯ. ಹದಿಹರೆಯದವರಲ್ಲಿ ದುಃಖದ ಬದಲು ಸಿಡುಕು ಮೇಲೆದ್ದು ಕಾಣುವುದೂ ಉಂಟು. ತಲೆನೋವು, ಹೊಟ್ಟೆನೋವು ಎಂದು ಮತ್ತೆ ಮತ್ತೆ ಹೇಳುವ ಮಗುವಿನ ಮೈಯಲ್ಲಿ ವೈದ್ಯರಿಗೆ ಯಾವ ದೋಷವೂ ಸಿಕ್ಕದಿದ್ದಾಗ ಮನಸ್ಸಿನ ಕಡೆಗೂ ದೃಷ್ಟಿ ಹಾಯಿಸಬೇಕು.

ಬಾಲ್ಯದಲ್ಲಿ ಗಂಡು ಹೆಣ್ಣು ಮಕ್ಕಳಲ್ಲಿ ಈ ಕಾಯಿಲೆಯ ಪ್ರಮಾಣ ಸರಿಸುಮಾರು ಸಮವಾಗಿರುತ್ತದೆ. ಪ್ರಾಯಕ್ಕೆ ಬಂದ ಮೇಲೆ ಹುಡುಗಿಯರಲ್ಲಿ ಅದು ಹುಡುಗರಿಗಿಂತ ಸುಮಾರು ಎರಡು ಪಾಲಾಗುತ್ತದೆ. ದೇಹದಲ್ಲಿ ಆಗುವ ಬದಲಾವಣೆ ಇದಕ್ಕೆ ಒಂದು ಕಾರಣ. ಮನೆತನದಲ್ಲಿ ಈ ಕಾಯಿಲೆ ಇದ್ದರೆ ಅದೂ ಒಂದು ಕಾರಣ. ಇವೆರಡಲ್ಲದೆ ಬಾಳಿನ ಸಂದರ್ಭವೂ ಕಾರಣವಾಗುತ್ತದೆ. ಹುಡುಗಿ ಮೈನೆರೆದೊಡನೆ ಅಂಗಳದ ಆಟ ನಿಲ್ಲುತ್ತದೆ, ಹೊರಗಿನ ಓಡಾಟ ಮೊಟಕಾಗುತ್ತದೆ, ಮನೆಗೆಲಸದ ಹೊರೆ ಏರುತ್ತದೆ. ಓದು ಮುಂದುವರಿಯುವುದೋ ಮದುವೆಯ ಮಾತು ಬರುವುದೋ ಎಂಬ ಆತಂಕ ಕೆಲವರಿಗಿದ್ದರೆ, ಹೇಳಿಕೊಳ್ಳಲಾಗದ ಕಿರುಕುಳ ಇನ್ನು ಕೆಲವರಿಗೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ ೨೦೧೫-೧೬ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು ೧೩ರಿಂದ ೧೭ ವಯಸ್ಸಿನವರಲ್ಲಿ ಶೇಕಡಾ ೭.೩ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆಯಿದೆ ಎಂದು ಕಂಡಿತು. ಐವತ್ತು ಮಕ್ಕಳ ತರಗತಿಯೊಂದಕ್ಕೆ ಈ ಲೆಕ್ಕ ಹಿಡಿದರೆ ಮೂವರು ನಾಲ್ವರು. ಅಷ್ಟು ಜನಕ್ಕೂ ಒಬ್ಬೊಬ್ಬ ಮನೋವೈದ್ಯರನ್ನು ಒದಗಿಸುವುದು ಯಾವ ನಾಡಿಗೂ ಸುಲಭವಲ್ಲ. ಸಮೂಹ ಚಿಕಿತ್ಸೆಯ ವಿಚಾರ ಮುಂದೆ ಬರುವುದು ಇಲ್ಲಿಯೇ.

ಸಮೂಹ ಚಿಕಿತ್ಸೆಯ ಉಗಮ

ರೋಗಿಗಳನ್ನು ಒಟ್ಟಿಗೆ ಕೂರಿಸಿ ಉಪಚರಿಸುವ ಪದ್ಧತಿಯು ಹುಟ್ಟಿದ್ದು ಮನೋರೋಗಕ್ಕಾಗಿ ಅಲ್ಲ, ಕ್ಷಯರೋಗಕ್ಕಾಗಿ. ಅಮೆರಿಕದ ಬಾಸ್ಟನ್ ನಗರದಲ್ಲಿ ಜೋಸೆಫ್ ಪ್ರ್ಯಾಟ್ ಎಂಬ ವೈದ್ಯರು ೧೯೦೫ರಲ್ಲಿ ಆರೋಗ್ಯಧಾಮದ ಖರ್ಚನ್ನು ಭರಿಸಲಾರದ ಬಡ ಕ್ಷಯರೋಗಿಗಳಿಗಾಗಿ ವಾರಕ್ಕೊಮ್ಮೆ ಒಂದು 'ತರಗತಿ'ಯನ್ನು ಆರಂಭಿಸಿದರು. ಅದಕ್ಕೆ ಹಣದ ನೆರವು ನೀಡಿದ್ದು ಅಲ್ಲಿಯ ಎಮ್ಯಾನುಯೆಲ್ ಚರ್ಚು. ಶುಚಿತ್ವ, ವಿಶ್ರಾಂತಿ, ಶುದ್ಧವಾಯು ಇವುಗಳನ್ನು ಕುರಿತ ಪಾಠವೇ ಆ ತರಗತಿಯ ಉದ್ದೇಶವಾಗಿತ್ತು. ಆದರೆ ಒಂದೇ ಕಾಯಿಲೆಯಿಂದ ನರಳುವವರು ಒಂದೆಡೆ ಸೇರಿದಾಗ ಅವರಲ್ಲಿ ಪರಸ್ಪರ ಧೈರ್ಯ ಮೂಡುವುದೆಂಬುದು ಕ್ರಮೇಣ ಗೋಚರವಾಯಿತು. ಪಾಠಕ್ಕಾಗಿ ಕೂಡಿಸಿದ ಕೂಟದಲ್ಲಿ ಕೂಟವೇ ಮದ್ದಾಗಿ ಪರಿಣಮಿಸಿತು.

ಮುಂದೆ ೧೯೭೦ರ ದಶಕದಲ್ಲಿ ಅಮೆರಿಕದವರೇ ಆದ ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್ಮನ್ ಎಂಬುವರು ಖಿನ್ನತೆಗೆ ಪರಸ್ಪರ ಸಂಬಂಧಗಳನ್ನು ಆಧಾರವಾಗಿಟ್ಟುಕೊಂಡ ಮಾತಿನ ಚಿಕಿತ್ಸೆಯೊಂದನ್ನು ರೂಪಿಸಿದರು. ಇದನ್ನು ಕನ್ನಡದಲ್ಲಿ 'ಅಂತರ್ವ್ಯಕ್ತಿ ಚಿಕಿತ್ಸೆ' ಎಂದು ಕರೆಯಬಹುದು. ಇದರ ತತ್ತ್ವ ಸರಳವಾದುದು. ಖಿನ್ನತೆಗೆ ಮೂಲಕಾರಣ ಏನೇ ಇರಲಿ, ಅದು ತಲೆದೋರುವುದು ಮನುಷ್ಯ ಮನುಷ್ಯರ ನಡುವಣ ಯಾವುದೋ ಒಂದು ಸಂದರ್ಭದಲ್ಲಿ. ಆ ಸಂದರ್ಭಗಳನ್ನು ಅವರು ನಾಲ್ಕಾಗಿ ವಿಂಗಡಿಸಿದರು: ಪ್ರಿಯರಾದವರ ಮರಣದಿಂದ ಬಂದ ಶೋಕ, ಮನೆಯವರೊಡನೆ ಅಥವಾ ಒಡನಾಡಿಗಳೊಡನೆ ಬೆಳೆದ ಕಲಹ, ಊರು, ಶಾಲೆ, ದೇಹಸ್ಥಿತಿ ಮುಂತಾದುವು ಬದಲಾದಾಗ ಹೊಸ ಪಾತ್ರಕ್ಕೆ ಹೊಂದಿಕೊಳ್ಳಲಾಗದ ತೊಳಲಾಟ, ಸ್ನೇಹವನ್ನು ಬೆಳೆಸಿ ಉಳಿಸಿಕೊಳ್ಳಲು ಬಾರದ ಒಂಟಿತನ. ಯಾರ ದುಃಖ ಯಾವ ಬಗೆಯದೆಂಬುದನ್ನು ಗುರುತಿಸಿಕೊಂಡು, ಆ ಸಂಬಂಧದಲ್ಲಿ ಸಾಧ್ಯವಾದ ಒಂದು ಸಣ್ಣ ಬದಲಾವಣೆಯನ್ನು ಹುಡುಕುವುದೇ ಚಿಕಿತ್ಸೆ. ಲಾರಾ ಮಫ್ಸನ್ ಎಂಬ ಮನೋವಿಜ್ಞಾನಿ ಇದನ್ನು ಹದಿಹರೆಯದವರಿಗೆ ಒಪ್ಪುವಂತೆ ಅಳವಡಿಸಿದರು. ಆದರೆ ಓದುಬರಹ ಬಲ್ಲ ಶ್ರೀಮಂತ ನಾಡೊಂದರಲ್ಲಿ ಹುಟ್ಟಿದ ಈ ಕ್ರಮವು ವೈದ್ಯರೇ ಇಲ್ಲದ ಬಡ ನಾಡಿನಲ್ಲಿ ಫಲಿಸೀತೇ ಎಂಬ ಪ್ರಶ್ನೆ ಉಳಿದಿತ್ತು. ಉತ್ತರ ದೊರೆತದ್ದು ಪೂರ್ವ ಆಫ್ರಿಕದ ಉಗಾಂಡ ದೇಶದಲ್ಲಿ.

ಉಗಾಂಡದ ನಿದರ್ಶನ

ಉಗಾಂಡದ ದಕ್ಷಿಣ ಭಾಗದ ಹಳ್ಳಿಗಳಲ್ಲಿ ಪಾಲ್ ಬೋಲ್ಟನ್ ಮತ್ತು ಅವರ ಸಂಗಡಿಗರು ಕೆಲಸ ಆರಂಭಿಸಿದಾಗ ಅವರು ಮೊದಲು ಮಾಡಿದ್ದು ಔಷಧಿ ಹಂಚುವುದಲ್ಲ, ಶಬ್ದಸಂಗ್ರಹ. ಜನ ತಮ್ಮ ಮನೋವ್ಯಥೆಯನ್ನು ತಮ್ಮ ಮಾತಿನಲ್ಲಿ ಏನೆಂದು ಕರೆಯುತ್ತಾರೆ ಎಂಬುದನ್ನು ಅವರು ಕೇಳಿ ತಿಳಿದರು. ತನ್ನನ್ನೇ ದ್ವೇಷಿಸಿಕೊಳ್ಳುವ ಸ್ಥಿತಿಗೆ ಒಂದು ಹೆಸರು, ತನಗಾಗಿ ತಾನೇ ಮರುಗುವ ಸ್ಥಿತಿಗೆ ಇನ್ನೊಂದು ಹೆಸರು ಅಲ್ಲಿಯ ನುಡಿಯಲ್ಲಿ ಮೊದಲೇ ಇದ್ದವು. ವೈದ್ಯಗ್ರಂಥಗಳು ಖಿನ್ನತೆ ಎನ್ನುವುದಕ್ಕೂ ಈ ಹೆಸರುಗಳಿಗೂ ಬಹುಮಟ್ಟಿನ ಹೊಂದಿಕೆ ಕಂಡಿತು. ಬಳಿಕ ೩೦ ಹಳ್ಳಿಗಳನ್ನು ಆರಿಸಿ, ಅರ್ಧದಷ್ಟು ಹಳ್ಳಿಗಳಲ್ಲಿ ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ೧೬ ವಾರ ವಯಸ್ಕರ ಸಮೂಹ ಚಿಕಿತ್ಸೆಯನ್ನು ನಡೆಸಲಾಯಿತು. ನಡೆಸಿದವರು ತರಬೇತಿ ಪಡೆದ ಸ್ಥಳೀಯರೇ ಹೊರತು ವೈದ್ಯರಲ್ಲ. ೨೦೦೩ರಲ್ಲಿ ಪ್ರಕಟವಾದ ಫಲಿತಾಂಶದಂತೆ ಚಿಕಿತ್ಸೆ ನಡೆದ ಹಳ್ಳಿಗಳ ಗುಂಪಿನಲ್ಲಿ ಖಿನ್ನರಾದವರ ಪ್ರಮಾಣ ಶೇಕಡಾ ೮೬ರಿಂದ ೬.೫ಕ್ಕೆ ಇಳಿಯಿತು. ಚಿಕಿತ್ಸೆಯಿಲ್ಲದ ಹಳ್ಳಿಗಳಲ್ಲಿಯೂ ಅದು ೯೪ರಿಂದ ೫೪.೭ಕ್ಕೆ ಇಳಿದಿತ್ತು. ಕಾಲವೂ ಒಂದು ಮದ್ದೇ ಎಂಬುದನ್ನು ಈ ಎರಡನೆಯ ಸಂಖ್ಯೆ ಹೇಳಿದರೆ, ಕಾಲವೊಂದೇ ಸಾಲದು ಎಂಬುದನ್ನು ಎರಡರ ನಡುವಣ ಅಂತರ ಹೇಳುತ್ತದೆ.

ಬಾಲಿಕೆಯರ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಪ್ರಯೋಗ ನಡೆದದ್ದು ೨೦೦೫ರಲ್ಲಿ, ಅದೇ ದೇಶದ ಉತ್ತರ ಭಾಗದ ಗುಲು ಪ್ರಾಂತದಲ್ಲಿ. ಎರಡು ದಶಕಗಳ ಅಂತರ್ಯುದ್ಧದಿಂದ ಮನೆಮಾರು ತೊರೆದ ಅಚೋಲಿ ಜನಾಂಗದವರು ಅಲ್ಲಿ ಶಿಬಿರಗಳಲ್ಲಿ ವಾಸವಾಗಿದ್ದರು. ಅಪಹರಣ, ಬಂಧುಗಳ ಸಾವು, ಹಸಿವು ಇವನ್ನು ಕಂಡ ಮಕ್ಕಳು ಅಲ್ಲಿ ಹಲವರಿದ್ದರು. ಇಲ್ಲಿಯೂ ಮೊದಲು ನುಡಿಯ ವಿಚಾರಣೆಯೇ ನಡೆಯಿತು. ಖಿನ್ನತೆಯನ್ನು ಹೋಲುವ ಸ್ಥಿತಿಗಳಿಗೆ ಅಚೋಲಿ ಭಾಷೆಯಲ್ಲಿ 'ಟ್ವೊ ಟಾಮ್', 'ಪಾರ್', 'ಕುಮು' ಎಂಬ ಮೂರು ಹೆಸರುಗಳು ದೊರೆತವು. ಇವುಗಳಲ್ಲಿ ಮೊದಲನೆಯದಕ್ಕೆ 'ಯೋಚನೆಗಳ ಕಾಯಿಲೆ' ಎಂಬಂತಹ ಅರ್ಥ. ಎರಡು ಶಿಬಿರಗಳಿಂದ ೧೪ರಿಂದ ೧೭ ವಯಸ್ಸಿನ ೩೧೪ ಮಕ್ಕಳನ್ನು ಆರಿಸಿ ಮೂರು ಪಂಗಡ ಮಾಡಲಾಯಿತು. ಒಂದು ಪಂಗಡಕ್ಕೆ ೧೬ ವಾರಗಳ ಸಮೂಹ ಚಿಕಿತ್ಸೆ. ಇನ್ನೊಂದಕ್ಕೆ ಆಟ, ಚಿತ್ರ, ಕಥೆ ಮುಂತಾದ ಸೃಜನಶೀಲ ಚಟುವಟಿಕೆ. ಮೂರನೆಯ ಪಂಗಡ ತನ್ನ ಸರದಿಗಾಗಿ ಕಾಯುವಂಥದು. ಚಿಕಿತ್ಸೆಯ ಗುಂಪುಗಳಲ್ಲಿ ಹುಡುಗರೂ ಹುಡುಗಿಯರೂ ಬೇರೆ ಬೇರೆಯಾಗಿ ಕೂಡುತ್ತಿದ್ದರು.

ಫಲಿತಾಂಶ ೨೦೦೭ರಲ್ಲಿ ಪ್ರಕಟವಾಯಿತು. ಸಮೂಹ ಚಿಕಿತ್ಸೆ ಪಡೆದ ಹುಡುಗಿಯರಲ್ಲಿ ಖಿನ್ನತೆಯ ಲಕ್ಷಣಗಳು ಸ್ಪಷ್ಟವಾಗಿ ಇಳಿದಿದ್ದವು. ಹುಡುಗರಲ್ಲಿ ಕಂಡ ಇಳಿತ ಖಚಿತವೆಂದು ಹೇಳಬಹುದಾದಷ್ಟು ಇರಲಿಲ್ಲ. ಆಟಪಾಟಗಳ ಪಂಗಡದಲ್ಲಿ ಖಿನ್ನತೆಯ ಮಟ್ಟಿಗೆ ಪ್ರಯೋಜನ ಕಾಣಲಿಲ್ಲ. ಮಕ್ಕಳ ಮನಸ್ಸು ಭಾರವಾದಾಗ ಅವರನ್ನು ಆಟದಲ್ಲಿ ತೊಡಗಿಸಿದರೆ ಸಾಕು, ತಾನೇ ಹಗುರವಾಗುತ್ತದೆ ಎಂಬುದು ಅನೇಕ ಹಿರಿಯರ ನಂಬಿಕೆ. ಆಟ ಒಳ್ಳೆಯದೇ, ಆದರೆ ಕಾಯಿಲೆಯೆಂಬ ಮಟ್ಟ ಮುಟ್ಟಿದ ದುಃಖಕ್ಕೆ ಆಟ ಮರೆವನ್ನು ಕೊಡಬಹುದೇ ಹೊರತು ಬಿಡುಗಡೆಯನ್ನಲ್ಲ ಎಂಬುದು ಈ ಪ್ರಯೋಗದಿಂದ ದೊರೆಯುವ ಪಾಠ. ೨೦೧೬ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಈ ಚಿಕಿತ್ಸಾಕ್ರಮದ ಕೈಪಿಡಿಯೊಂದನ್ನು ಎಂಟು ಬೈಠಕ್ಕುಗಳಿಗೆ ಅಡಕಗೊಳಿಸಿ ಪ್ರಕಟಿಸಿತು.

ಕೂಟ ನಡೆಯುವ ಬಗೆ

ಕೂಟ ಸೇರುವ ಮುನ್ನ ನಡೆಸುವಾಕೆ ಪ್ರತಿಯೊಬ್ಬ ಬಾಲಿಕೆಯೊಡನೆಯೂ ಪ್ರತ್ಯೇಕವಾಗಿ ಮಾತನಾಡುತ್ತಾಳೆ. ಕಾಯಿಲೆಯ ತೀವ್ರತೆ ಎಷ್ಟು, ಗುಂಪಿನಲ್ಲಿ ಕುಳಿತುಕೊಳ್ಳುವುದು ಆಕೆಗೆ ಹಿತವೇ, ಮೇಲೆ ಹೇಳಿದ ನಾಲ್ಕು ಸಂದರ್ಭಗಳಲ್ಲಿ ಆಕೆಯದು ಯಾವುದು ಎಂಬುದು ಅಲ್ಲಿ ನಿರ್ಣಯವಾಗುತ್ತದೆ. "ನೀನು ಕೆಟ್ಟವಳಲ್ಲ, ಸೋಮಾರಿಯಲ್ಲ, ನಿನಗೆ ಬಂದಿರುವುದು ಒಂದು ಕಾಯಿಲೆ, ಅದು ವಾಸಿಯಾಗುವಂಥದು" ಎಂಬ ಮಾತನ್ನು ಬಾಲಿಕೆ ಮೊದಲ ಬಾರಿಗೆ ಕೇಳುವುದು ಬಹುಶಃ ಆಗಲೇ. ತನ್ನನ್ನು ತಾನು ಹಳಿದುಕೊಳ್ಳುವುದೇ ಲಕ್ಷಣವಾಗಿರುವ ಕಾಯಿಲೆಯಲ್ಲಿ ಈ ಒಂದು ಮಾತಿನ ಬೆಲೆ ದೊಡ್ಡದು.

ಕೂಟದಲ್ಲಿ ಹತ್ತಕ್ಕಿಂತ ಹೆಚ್ಚು ಮಂದಿ ಇರದಿರುವುದು ಮೇಲು. ಎಲ್ಲರೂ ದುಂಡಾಗಿ ಕೂಡುತ್ತಾರೆ. ಮುಂದಿನ ಸಾಲು, ಹಿಂದಿನ ಸಾಲು ಎಂಬ ಭೇದ ಅಲ್ಲಿಲ್ಲ. ಮೊದಲ ದಿನವೇ ಒಂದು ಕಟ್ಟುಪಾಡು: ಇಲ್ಲಿ ಆಡಿದ ಮಾತು ಇಲ್ಲಿಯೇ ಉಳಿಯಬೇಕು. ಇದಕ್ಕೊಂದು ಅಪವಾದವೂ ಉಂಟು. ಯಾರದೇ ಪ್ರಾಣಕ್ಕೆ ಅಪಾಯವಿದ್ದರೆ, ಅಥವಾ ಯಾರಾದರೂ ಬಾಲಿಕೆಯನ್ನು ಹಿಂಸಿಸುತ್ತಿದ್ದರೆ, ಆ ವಿಷಯವನ್ನು ಆಕೆಯ ರಕ್ಷಣೆಗಾಗಿ ತಕ್ಕವರಿಗೆ ತಿಳಿಸಲಾಗುವುದು. ಈ ಅಪವಾದವನ್ನು ಮೊದಲೇ ಹೇಳಿಬಿಡಬೇಕು. ಆಮೇಲೆ ಹೇಳಿದರೆ ಅದು ವಿಶ್ವಾಸಭಂಗವಾಗುತ್ತದೆ.

ಪ್ರತಿವಾರವೂ ಒಬ್ಬೊಬ್ಬರು ಹಿಂದಿನ ವಾರದಲ್ಲಿ ಮನಸ್ಸು ಎಂತಿತ್ತು ಎಂಬುದನ್ನು ಹೇಳುತ್ತಾರೆ. ಯಾವ ದಿನ ಹೆಚ್ಚು ಭಾರವಾಗಿತ್ತು, ಆ ದಿನ ಏನು ನಡೆದಿತ್ತು ಎಂದು ನಡೆಸುವಾಕೆ ಕೇಳುತ್ತಾಳೆ. ಸುಮ್ಮನೆ ಬಂದು ಕವಿಯಿತೆಂದು ತೋರಿದ್ದ ಮಂಕಿಗೂ ಮನೆಯಲ್ಲಿ ನಡೆದ ಒಂದು ಮಾತಿಗೂ ನಂಟಿರುವುದು ಆಗ ತಿಳಿಯುತ್ತದೆ. ಅನಂತರ ಪ್ರಶ್ನೆ ಕೂಟದ ಮುಂದೆ ಬರುತ್ತದೆ. ದೃಷ್ಟಾಂತಕ್ಕಾಗಿ, ಒಬ್ಬಾಕೆಯನ್ನು ಓದು ಬಿಡಿಸುವ ಮಾತು ಮನೆಯಲ್ಲಿ ಎದ್ದಿದೆ ಎಂದುಕೊಳ್ಳೋಣ. ತಂದೆಯೆದುರು ಮಾತೇ ಹೊರಡುವುದಿಲ್ಲ ಎಂದು ಆಕೆ ಹೇಳುತ್ತಾಳೆ. ಕೂಟದ ಇನ್ನೊಬ್ಬಳು ತಂದೆಯ ಪಾತ್ರ ವಹಿಸುತ್ತಾಳೆ. ಈಕೆ ಮಾತನಾಡಿ ನೋಡುತ್ತಾಳೆ. ಮೊದಲು ಅಳು ಬರುತ್ತದೆ, ಆಮೇಲೆ ಮಾತು ಬರುತ್ತದೆ. "ಅಪ್ಪಾಜಿಗೆ ನೇರವಾಗಿ ಹೇಳಬ್ಯಾಡ, ಮೊದಲು ಸೋದರಮಾವನ ಮುಂದ ಹೇಳು" ಎಂದು ಮತ್ತೊಬ್ಬಳು ಸೂಚಿಸುತ್ತಾಳೆ. ಇಂತಹ ಸೂಚನೆ ದೊಡ್ಡವರ ಉಪದೇಶದಿಂದ ಬಂದಾಗ ಬೀರದ ಪರಿಣಾಮವನ್ನು ಅದೇ ಇಕ್ಕಟ್ಟನ್ನು ಬಲ್ಲ ಸಮವಯಸ್ಕಳಿಂದ ಬಂದಾಗ ಬೀರುತ್ತದೆ.

ಕೂಟದಿಂದ ಒದಗುವ ಲಾಭ ಮುಖ್ಯವಾಗಿ ಮೂರು ಬಗೆಯದು. ಈ ಸಂಕಟ ತನಗೊಬ್ಬಳಿಗೇ ಬಂದದ್ದಲ್ಲ ಎಂಬ ಅರಿವು ಒಂದು. ತನ್ನ ಮಾತಿನಿಂದ ಇನ್ನೊಬ್ಬಳಿಗೆ ನೆರವಾಯಿತು, ತಾನು ಕೆಲಸಕ್ಕೆ ಬಾರದವಳಲ್ಲ ಎಂಬ ಅನುಭವ ಇನ್ನೊಂದು. ಕೂಟದಲ್ಲಿ ಕಲಿತ ಮಾತನ್ನು ಮನೆಯಲ್ಲಿ ಆಡಿ ನೋಡುವ ಅಭ್ಯಾಸ ಮೂರನೆಯದು. ಇವುಗಳಲ್ಲಿ ಎರಡನೆಯದು ಒಬ್ಬರೇ ವೈದ್ಯರ ಬಳಿ ಹೋದಾಗ ದೊರೆಯುವಂಥದಲ್ಲ. ಅಲ್ಲಿ ರೋಗಿ ಪಡೆಯುವವಳು ಮಾತ್ರ. ಇಲ್ಲಿ ಕೊಡುವವಳೂ ಹೌದು. ಕೊನೆಯ ವಾರಗಳಲ್ಲಿ ಕೂಟ ಮುಗಿಯುವ ವಿಚಾರವನ್ನೇ ಮಾತಿಗೆ ಎತ್ತಿಕೊಳ್ಳಲಾಗುತ್ತದೆ. ಮತ್ತೆ ಮಂಕು ಕವಿದರೆ ಅದರ ಮೊದಲ ಗುರುತು ಯಾವುದು, ಆಗ ಯಾರ ಬಳಿ ಹೋಗಬೇಕು ಎಂಬುದನ್ನು ಪ್ರತಿಯೊಬ್ಬಳೂ ನಿಶ್ಚಯಿಸಿಕೊಂಡು ಬೀಳ್ಕೊಳ್ಳುತ್ತಾಳೆ.

ಮಿತಿಗಳು ಮತ್ತು ಎಚ್ಚರಿಕೆಗಳು

ಗೆಳತಿಯರು ಪರಸ್ಪರ ದುಃಖ ಹಂಚಿಕೊಂಡರೆ ಸಾಲದೇ, ಇದಕ್ಕೆ ತರಬೇತಿ ಪಡೆದವರೇಕೆ ಎಂದು ಕೇಳಬಹುದು. ಅಮೆರಿಕದ ಅಮಾಂಡ ರೋಸ್ ಎಂಬ ಮನೋವಿಜ್ಞಾನಿ ೨೦೦೨ರಿಂದ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಉತ್ತರ ನೀಡುತ್ತವೆ. ಒಂದೇ ನೋವನ್ನು ಇಬ್ಬರು ಕೂಡಿ ಮತ್ತೆ ಮತ್ತೆ ಕಡೆಯುತ್ತಿದ್ದರೆ ಸ್ನೇಹವೇನೋ ಗಾಢವಾಗುತ್ತದೆ. ಆದರೆ ಹುಡುಗಿಯರಲ್ಲಿ ಅದರೊಡನೆ ಖಿನ್ನತೆಯೂ ಬೆಳೆಯುತ್ತದೆ ಎಂದು ಅವರು ಕಂಡರು. ಮಜ್ಜಿಗೆಯನ್ನು ಕಡೆದರೆ ಬೆಣ್ಣೆ ಬಂದೀತು. ನೀರನ್ನು ಕಡೆದರೆ ತೋಳು ನೊಂದೀತು ಅಷ್ಟೆ. ಮಾತು ನೋವಿನ ಸುತ್ತಲೇ ಗಿರಕಿ ಹೊಡೆಯದೆ, ಮುಂದಿನ ಒಂದು ಹೆಜ್ಜೆಯ ಕಡೆಗೆ ತಿರುಗುವಂತೆ ನೋಡಿಕೊಳ್ಳುವುದೇ ಕೂಟ ನಡೆಸುವವರ ವಿದ್ಯೆ.

ಸಮೂಹ ಚಿಕಿತ್ಸೆ ಎಲ್ಲರಿಗೂ ಒಪ್ಪುವುದಿಲ್ಲ. ಬ್ರಿಟನ್ನಿನ ೨೦೧೯ರ ಚಿಕಿತ್ಸಾ ಮಾರ್ಗಸೂಚಿಯು ಮಕ್ಕಳ ಸೌಮ್ಯ ಖಿನ್ನತೆಗೆ ಸಮೂಹ ಚಿಕಿತ್ಸೆಯನ್ನೂ ಸೂಚಿಸಿ, ಮಧ್ಯಮ ಮತ್ತು ತೀವ್ರ ಖಿನ್ನತೆಯುಳ್ಳ ಹದಿಹರೆಯದವರಿಗೆ ವೈಯಕ್ತಿಕ ಚಿಕಿತ್ಸೆಯನ್ನು ಮುಂದಿಡುತ್ತದೆ. ಸಾವಿನ ಯೋಚನೆ ಬಲವಾಗಿರುವವರು, ಬುದ್ಧಿಭ್ರಮಣೆಯ ಲಕ್ಷಣವುಳ್ಳವರು ಕೂಟಕ್ಕಾಗಿ ಕಾಯಬಾರದು. ತಡಮಾಡದೆ ವೈದ್ಯರ ಬಳಿ ಹೋಗಬೇಕು. ಅಂಥವರಿಗೆ ಔಷಧಿಯೂ ಬೇಕಾಗಬಹುದು. ಉಗಾಂಡದಲ್ಲಿಯೇ ಮುಂದಿನ ವರ್ಷಗಳಲ್ಲಿ ಹದಿಹರೆಯದ ಹುಡುಗಿಯರ ನಡುವೆ ವ್ಯಾಪಕವಾಗಿ ನಡೆದ ಇನ್ನೊಂದು ಪ್ರಯೋಗದಲ್ಲಿ ದೊರೆತ ಫಲ ಮೊದಲಿನಷ್ಟು ದೊಡ್ಡದಾಗಿರಲಿಲ್ಲ ಎಂಬುದನ್ನೂ ಮರೆಮಾಚಬೇಕಾಗಿಲ್ಲ. ಇದು ಮಂತ್ರದಂಡವಲ್ಲ. ನಡೆಸುವವರ ಯೋಗ್ಯತೆ, ಆರಿಸುವಾಗಿನ ವಿವೇಕ, ಮೇಲ್ವಿಚಾರಣೆಯ ನಿಯಮ ಇವುಗಳ ಮೇಲೆ ಫಲ ನಿಂತಿದೆ.

ಶಾಲೆಯ ಪಾತ್ರ

ಈ ಕೂಟವನ್ನು ಅಧ್ಯಾಪಕರೇ ನಡೆಸಬಹುದಲ್ಲವೇ ಎಂಬುದು ಸಹಜವಾದ ಪ್ರಶ್ನೆ. ಸಮೂಹ ಚಿಕಿತ್ಸೆಯನ್ನೇ ಕುರಿತದ್ದಲ್ಲದಿದ್ದರೂ ಶಾಲೆಗಳ ಮಟ್ಟಿಗೆ ವಿಚಾರಣೀಯವಾದ ಭಾರತದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಬಿಹಾರದ ನಾಲಂದಾ ಜಿಲ್ಲೆಯ ೭೪ ಸರಕಾರಿ ಪ್ರೌಢಶಾಲೆಗಳಲ್ಲಿ ನಡೆದು ೨೦೧೮ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಶಾಲೆಯ ವಾತಾವರಣವನ್ನು ಸುಧಾರಿಸುವ ಒಂದೇ ಕಾರ್ಯಕ್ರಮವನ್ನು ಕೆಲವು ಶಾಲೆಗಳಲ್ಲಿ ಅದಕ್ಕೆಂದೇ ನೇಮಿಸಿದ ಆಪ್ತಸಲಹೆಗಾರರೂ, ಕೆಲವು ಶಾಲೆಗಳಲ್ಲಿ ಅಧ್ಯಾಪಕರೂ ನಡೆಸಿದರು. ಆಪ್ತಸಲಹೆಗಾರರು ನಡೆಸಿದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತು, ಮಕ್ಕಳ ಖಿನ್ನತೆಯ ಲಕ್ಷಣಗಳೂ ತಗ್ಗಿದವು. ಅಧ್ಯಾಪಕರು ನಡೆಸಿದಲ್ಲಿ ಅಂತಹ ಪ್ರಯೋಜನ ಕಾಣಲಿಲ್ಲ. ಇದರಿಂದ ಅಧ್ಯಾಪಕರ ಪ್ರೀತಿಯನ್ನು ಶಂಕಿಸಬೇಕಾಗಿಲ್ಲ. ಪಾಠ ಮುಗಿಸುವ, ಉತ್ತರಪತ್ರಿಕೆ ತಿದ್ದುವ, ಶಿಸ್ತು ಕಾಯುವ ಹೊಣೆಗಳ ಮೇಲೆ ಇನ್ನೊಂದನ್ನು ಹೇರಿದರೆ ಎರಡೂ ಸೊರಗುತ್ತವೆ. ಮೇಲಾಗಿ ಅಂಕ ಕೊಡುವವರ ಎದುರಿಗೆ ಮನಸ್ಸು ಬಿಚ್ಚುವುದು ಯಾವ ಮಗುವಿಗೂ ಸುಲಭವಲ್ಲ.

ಹಾಗಾದರೆ ಅಧ್ಯಾಪಕರ ಕೆಲಸವೇನು? ಗುರುತಿಸುವುದು ಮತ್ತು ದಾರಿ ತೋರಿಸುವುದು. ಮಗುವಿನ ನಡೆಯಲ್ಲಿ ಆದ ಬದಲಾವಣೆಯನ್ನು ತಂದೆತಾಯಿಗಳಿಗಿಂತ ಮೊದಲು ಕಾಣಬಲ್ಲವರು ತರಗತಿಯ ಅಧ್ಯಾಪಕರು. ಕನ್ನಡ ಪಾಠ ಹೇಳುವವರಿಗಂತೂ ಮಗುವಿನ ಪ್ರಬಂಧವೇ ಒಂದು ಕನ್ನಡಿ. ಕಂಡಾಗ "ಧೈರ್ಯವಾಗಿರು, ನಿನಗಿಂತ ಕಷ್ಟದಲ್ಲಿರುವವರು ಎಷ್ಟೋ ಜನ" ಎಂಬ ಉಪದೇಶ ಬೇಡ. ಉಪದೇಶ ಸದುದ್ದೇಶದ್ದೇ ಆದರೂ, ತನ್ನನ್ನೇ ಹಳಿದುಕೊಳ್ಳುವ ಮಗು ಅದರಲ್ಲಿ ಇನ್ನೊಂದು ಆಪಾದನೆಯನ್ನೇ ಕೇಳುತ್ತದೆ. "ಕೆಲವು ದಿನದಿಂದ ನೀನು ಮೊದಲಿನಂತಿಲ್ಲ, ಹೇಳಬೇಕೆನಿಸಿದಾಗ ಹೇಳು, ಕೇಳಲು ನಾನಿದ್ದೇನೆ" ಎಂದರೆ ಸಾಕು. ಸಾವಿನ ಯೋಚನೆಯ ಸುಳಿವು ಸಿಕ್ಕರೆ ಅದನ್ನು ನೇರವಾಗಿ, ಮೃದುವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. ಅಂತಹ ಮಗುವನ್ನು ಒಂಟಿಯಾಗಿ ಬಿಡದೆ ಮನೆಯವರಿಗೂ ವೈದ್ಯರಿಗೂ ಒಡನೆ ತಿಳಿಸಬೇಕು. ಕೇಂದ್ರ ಸರಕಾರವು ೨೦೨೨ರ ಅಕ್ಟೋಬರ್ ೧೦ರಂದು ಆರಂಭಿಸಿದ ಟೆಲಿ ಮಾನಸ್ ಸೇವೆಯ ೧೪೪೧೬ ಎಂಬ ದೂರವಾಣಿ ಸಂಖ್ಯೆಗೆ ಹಗಲಿರುಳು ಯಾವಾಗ ಬೇಕಾದರೂ ಕರೆಮಾಡಬಹುದು. ಈ ಸಂಖ್ಯೆ ಪ್ರತಿಯೊಂದು ಶಾಲೆಯ, ವಿದ್ಯಾರ್ಥಿನಿಲಯದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿರುವುದು ಯುಕ್ತ.

ಆಡಳಿತ ಮಂಡಳಿಗಳ ಹೊಣೆ ಇನ್ನೂ ಒಂದು ಹೆಜ್ಜೆ ಮುಂದಿನದು. ೨೦೨೫ರ ಜುಲೈ ೨೫ರಂದು ಸರ್ವೋಚ್ಚ ನ್ಯಾಯಾಲಯವು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ಮಾರ್ಗದರ್ಶಿ ಸೂತ್ರಗಳನ್ನು ವಿಧಿಸಿ, ೧೦೦ ಅಥವಾ ಅದಕ್ಕೂ ಹೆಚ್ಚು ವಿದ್ಯಾರ್ಥಿಗಳಿರುವ ಪ್ರತಿಯೊಂದು ಶಿಕ್ಷಣಸಂಸ್ಥೆಯೂ ಅರ್ಹ ಆಪ್ತಸಮಾಲೋಚಕರನ್ನಾಗಲಿ ಮನೋವಿಜ್ಞಾನಿಯನ್ನಾಗಲಿ ತರಬೇತಾದ ಸಮಾಜಕಾರ್ಯಕರ್ತರನ್ನಾಗಲಿ ಹೊಂದಿರಬೇಕೆಂದೂ, ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಡನೆ ಸಂಪರ್ಕವನ್ನಾದರೂ ಏರ್ಪಡಿಸಿಕೊಳ್ಳಬೇಕೆಂದೂ ಹೇಳಿತು. ಕಟ್ಟಡಕ್ಕೆ, ಗಡಿಯಾರಕ್ಕೆ, ಪಾರಿತೋಷಕಕ್ಕೆ ದಾನ ನೀಡುವ ಉದಾರಿಗಳಿಗೆ ಕನ್ನಡ ನಾಡಿನಲ್ಲಿ ಎಂದೂ ಕೊರತೆಯಾಗಿಲ್ಲ. ಸಮೂಹ ಆಪ್ತಸಮಾಲೋಚನೆಗೆ ಬೇಕಾದುದು ಬಾಗಿಲು ಮುಚ್ಚಬಹುದಾದ ಒಂದು ಕೋಣೆ, ದುಂಡಾಗಿ ಹಾಸಿದ ಒಂದು ಜಮಖಾನೆ, ತರಬೇತಿ ಪಡೆದ ಒಬ್ಬ ಆಪ್ತಸಮಾಲೋಚಕಿಯ ವೇತನ, ವೇಳಾಪಟ್ಟಿಯಲ್ಲಿ ವಾರಕ್ಕೆ ಎರಡು ಅವಧಿ. ದಾನಿಗಳ ಹೆಸರನ್ನು ಕಲ್ಲಿನಲ್ಲಿ ಕೆತ್ತುವ ಅವಕಾಶ ಇದರಲ್ಲಿ ಕಡಿಮೆ. ಫಲ ಮಾತ್ರ ಕಡಿಮೆಯದಲ್ಲ.

ಉಪಸಂಹಾರ

ಭಾಷೆ ಕಲಿಸುವುದೆಂದರೆ ವ್ಯಾಕರಣ, ಛಂದಸ್ಸು, ಪ್ರಬಂಧರಚನೆಗಳನ್ನು ಕಲಿಸುವುದೆಂದು ತಿಳಿಯುವುದು ವಾಡಿಕೆ. ತನ್ನ ನೋವನ್ನು ತನ್ನ ನುಡಿಯಲ್ಲಿ, ನಾಚದೆ, ನಂಬಬಹುದಾದವರ ಮುಂದೆ ಹೇಳಿಕೊಳ್ಳುವ ಶಕ್ತಿಯೂ ಭಾಷಾಶಿಕ್ಷಣದ ಫಲವೇ ಆಗಬೇಕು. ಉಗಾಂಡದ ಹಳ್ಳಿಗಳಿಗೆ ಹೋದವರು ಮೊದಲು ಆ ಜನದ ಶಬ್ದಗಳನ್ನು ಕೇಳಿದರು; ಚಿಕಿತ್ಸೆ ಆ ಬಳಿಕ ಬಂದಿತು. ಕನ್ನಡದ ಬಾಲಿಕೆ "ಖಿನ್ನತೆ" ಎಂಬ ಮಾತನ್ನು ಎಂದೂ ಆಡದಿರಬಹುದು. "ಯಾಕೋ ಬ್ಯಾಸರ", "ಎದಿ ಭಾರ ಆಗೇದ", "ಯಾವುದರಾಗೂ ಮನಸ್ಸಿಲ್ಲ" ಎಂದು ಆಕೆ ಹೇಳಬಹುದು. ಆ ಮಾತು ಅವಳ ಬಾಯಿಂದ ಹೊರಡುವ ದಿನ ಅದನ್ನು ಕೇಳಿ ಗುರುತಿಸುವ ಕಿವಿಯೊಂದು ಶಾಲೆಯಲ್ಲಿರಬೇಕು. ಅವಳಂತೆಯೇ ನೊಂದ ಮಕ್ಕಳ ನಡುವೆ ಅವಳಿಗೊಂದು ಎಡೆಯೂ ಅಲ್ಲಿ ಸಿದ್ಧವಾಗಿರಬೇಕು. ಇಷ್ಟು ಏರ್ಪಟ್ಟ ಶಾಲೆಯಲ್ಲಿ ಹಿಂದಿನ ಸಾಲ ಬಾಲಿಕೆಗೆ "ಅರಾಮ ಇದ್ದೇನ್ರೀ" ಎಂದು ಸುಳ್ಳು ಹೇಳುವ ಅಗತ್ಯ ಬೀಳದು. ಮುಂದೊಂದು ದಿನ ಅದೇ ಮಾತನ್ನು ಆಕೆ ನಿಜವಾಗಿಯೇ ಹೇಳುವಂತಾದರೆ, ಶಾಲೆಯ ಯಾವ ವಾರ್ಷಿಕ ವರದಿಯಲ್ಲಿಯೂ ಸೇರದ ಆ ಉತ್ತರವೇ ಶಾಲೆಯ ನಿಜವಾದ ಫಲಿತಾಂಶ.